ಮೀಟರ್ ಸೊನ್ನೆ ತೋರಿಸಿದ ರಾತ್ರಿ

“ಅರ್ಥಿಂಗ್ ಪಿನ್ ಮುರಿದು ಒಗಿರಿ, ಗುಂಯ್ ಅನ್ನೋದು ಇಲ್ಲೇ ನಿಂತ್ಹೋಗ್ತದ!”

ಕೂಗಿದವನ ಕೈಯಲ್ಲಿ ಇಕ್ಕಳವಿತ್ತು. ಅವನ ಮೊಣಕಾಲ ಬಳಿ ಆಂಪ್ಲಿಫೈಯರ್ ರ‍್ಯಾಕಿನ ಮೂರು ಪಿನ್ನಿನ ಪ್ಲಗ್ಗು ಬಿದ್ದಿತ್ತು. ಸೇಡಂ ಊರಾಚೆಯ ಆ ಕಲ್ಯಾಣ ಮಂಟಪದ ವೇದಿಕೆಯ ಎರಡೂ ಮಗ್ಗುಲಲ್ಲಿ ಪೇರಿಸಿಟ್ಟ 18 ಇಂಚಿನ ಬೇಸ್ ಡಬ್ಬಗಳು ಒಂದೇ ಸಮನೆ ಗುನುಗುತ್ತಿದ್ದವು. ಹಾಡು ಹಚ್ಚಿರಲಿಲ್ಲ. ಮೈಕುಗಳೆಲ್ಲ ಮ್ಯೂಟ್. ಆದರೂ ಗುಂಯ್ ಎಂದು ಎದೆಗೂಡಿಗೆ ತಾಗುವ ಸದ್ದು, ಅದರ ಮೇಲೆ ತೆಳ್ಳಗೆ ಜಿರ‍್ರೆನ್ನುವ ಇನ್ನೊಂದು. ಹೊರಗೆ ವೈಶಾಖದ ಗಾಳಿ ಎದ್ದು ಶಾಮಿಯಾನದ ಹಗ್ಗ ಜಗ್ಗುತ್ತಿತ್ತು. ತಾಂಡೂರಿನ ಕಡೆಯ ಆಕಾಶದಲ್ಲಿ ಮಿಂಚು. ಬೀಗರ ಬಸ್ಸು ಮಳಖೇಡ ದಾಟಿತು ಎಂಬ ಫೋನು ಬಂದಾಗಿತ್ತು. ಅಂದರೆ ಅರ್ಧ ತಾಸು, ಹೆಚ್ಚೆಂದರೆ ಮುಕ್ಕಾಲು.

ಕಾಕಾ ಎಲ್ಲಿದ್ದರೋ, ಎರಡೇ ಹೆಜ್ಜೆಯಲ್ಲಿ ಬಂದು ಆ ಪ್ಲಗ್ಗನ್ನು ಎತ್ತಿಕೊಂಡು ತಮ್ಮ ಜೇಬಿಗೆ ಹಾಕಿಕೊಂಡುಬಿಟ್ಟರು.

“ಇಕ್ಕಳ ಒಳಗಿಡು. ಪಿನ್ ಮುರಿದ್ರ ಸಪ್ಪಳ ನಿಂದರ್ತದ, ಅದರ ಸಂಗಟ ಯಾರದರೆ ಉಸಿರೂ ನಿಂದರ್ತದ. ಮೊದಲು ಅದು ಎಲ್ಲಿಂದ ಬರ್ಲತದ ನೋಡಮಿ.”

ಕಾಕಾ ಎಂದರೆ ನಮ್ಮ ಸೌಂಡ್ ತಂಡದ ಹಿರಿಯರು. ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಮಾಡಿ ನಿವೃತ್ತರಾದವರು. ಲಗ್ನದ ಹಂಗಾಮಿನಲ್ಲಿ ಡಿಜೆ ಹುಡುಗರ ಗಾಡಿ ಹತ್ತಿ ಶಹಾಬಾದಿನಿಂದ ಚಿಂಚೋಳಿಯ ತನಕ ತಿರುಗುತ್ತಾರೆ. ಅವರ ಹೆಗಲ ಚೀಲದಲ್ಲಿ ಮಲ್ಟಿಮೀಟರು, ಟೆಸ್ಟರು, 100 ವ್ಯಾಟಿನ ಹಳೇ ಬಲ್ಬು ಹಾಕಿದ ಹೋಲ್ಡರು, ತಾಮ್ರದ ತಂತಿಯ ಸುರುಳಿ, ಮರಳು ಕಾಗದ. ನಾನು ಅವರ ಹಿಂದೆ ಕೇಬಲ್ ಹಿಡಿದು ಓಡುವವನು. ಡಿಜೆ ಎಂದರೆ ಲೈಟು, ಹೊಗೆ, ಕುಣಿತ ಎಂದುಕೊಂಡವರಿಗೆ ಕಾಣದ ಇನ್ನೊಂದು ಕಥೆ ವೇದಿಕೆಯ ಹಿಂದುಗಡೆ, ತಂತಿಗಳ ಗೊಂಚಲಿನಲ್ಲಿ ನಡೆಯುತ್ತಿರುತ್ತದೆ. ಆ ಕಥೆಯಲ್ಲಿ ಜೀವ ಹೋಗುತ್ತದೆ, ಜೀವ ಉಳಿಯುತ್ತದೆ.

ಈ ಸೀಮೆಯಲ್ಲಿ ಅದು ಇನ್ನೂ ಬಿಗಿಯಾಗುವುದು ನೆಲದ ಕಾರಣದಿಂದ. ಕಾಗಿಣಾ ಮತ್ತು ಭೀಮಾ ಹೊಳೆಗಳ ನಡುವಿನ ಈ ನಾಡು ಸುಣ್ಣದ ಕಲ್ಲಿನ ಹಾಸು. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಎದ್ದು ಬರುವುದು ಇಲ್ಲಿಂದಲೇ. ಮೇಲೊಂದಿಷ್ಟು ಕರಿಮಣ್ಣು, ಅದರ ಕೆಳಗೆ ಪದರ ಪದರ ಬಂಡೆ. ಸಿಮೆಂಟ್ ಕಾರ್ಖಾನೆಗಳು ಶಹಾಬಾದಿಗೆ, ವಾಡಿಗೆ, ಮಳಖೇಡಕ್ಕೆ, ಸೇಡಂಗೆ ಬಂದದ್ದು ಈ ಕಲ್ಲಿಗಾಗಿಯೇ. ಕಟ್ಟುವವನಿಗೆ ಇದು ಬಂಗಾರ. ಆದರೆ ಅರ್ಥಿಂಗ್ ಹೂಳುವವನಿಗೆ ಇದಕ್ಕಿಂತ ಕಷ್ಟದ ನೆಲವಿಲ್ಲ. ಹಸಿ ಕರಿಮಣ್ಣಿನಲ್ಲಿ ಸಲೀಸಾಗಿ ಹರಿದು ಚೆದುರುವ ಕರೆಂಟು ಒಣ ಬಂಡೆಯಲ್ಲಿ ಮುಂದೆ ಸರಿಯುವುದಿಲ್ಲ. ಉಪ್ಪು ಇದ್ದಿಲು ತುಂಬಿ, ಬೇಸಿಗೆಯಲ್ಲೂ ನೀರು ಸುರಿದು ಕಾಪಾಡಿದ ಗುಂಡಿ ಇದ್ದರೆ ಸರಿ. ಇಲ್ಲದಿದ್ದರೆ ಬೋರ್ಡಿನ ಮೂರನೇ ತೂತು ಬರೀ ತೂತು.

ಅದೇ ವಾರ ಶಹಾಬಾದಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೆವು. ಬಯಲಿನಲ್ಲಿ ಸ್ಟೇಜು. ಅರ್ಥಿಂಗ್ ಗೂಟಕ್ಕೆ ಸುತ್ತಿಗೆ ಬಿದ್ದರೆ ಗೇಣುದ್ದ ಇಳಿದು ಠಣ್ ಎಂದು ನಿಂತಿತು. ನಾಲ್ಕು ಮಾರು ಆಚೆ ಹೊಡೆದರೂ ಅಷ್ಟೇ. ಕಾಕಾ ಸುತ್ತಲಿನ ಜನರನ್ನೆಲ್ಲ ದೂರ ಸರಿಸಿ, ಆ ಗೂಟಕ್ಕೂ ಫೇಸಿಗೂ ನಡುವೆ ತಮ್ಮ ಬಲ್ಬು ಹಚ್ಚಿದರು. ಅದು ಕೆಂಪಗೆ ಮಿಣುಕಿತೇ ಹೊರತು ಬೆಳಗಲಿಲ್ಲ. ಅಂದರೆ ನಾಳೆ ಫೇಸಿನ ತಂತಿ ಸುಲಿದು ಆಂಪ್ಲಿಫೈಯರಿನ ತಗಡಿಗೆ ತಾಗಿದರೆ, ಆ ಕರೆಂಟು ಗೂಟದ ದಾರಿ ಬಿಟ್ಟು ತಗಡು ಮುಟ್ಟಿದವನ ಮೈಯೊಳಗಿಂದಲೇ ಇಳಿಯುತ್ತದೆ. ಕೊನೆಗೆ ಬದಿಯ ತೋಟದ ನೀರು ನಿಂತ ಕಾಲುವೆಯ ಕೆಸರಿನಲ್ಲಿ ಗೂಟಗಳ ಸಾಲನ್ನೇ ಹೊಡೆದು ಒಂದಕ್ಕೊಂದು ಕಟ್ಟಿದಾಗ ಬಲ್ಬು ಬೆಳಗಿತು.

ವಾಡಿಯದು ಬೇರೆಯೇ ಕಾಟ. ಮುಂಬಯಿ–ಮದ್ರಾಸ್ ಹಳಿಗೆ ನಿಜಾಮರ ರೈಲ್ವೆ ಬಂದು ಕೂಡಿಕೊಂಡದ್ದು 1874ರಲ್ಲಿ, ವಾಡಿಯಲ್ಲೇ. ಅಂದಿನಿಂದ ಅದು ಜಂಕ್ಷನ್ ಊರು. ಈಗ ಹಳಿಯ ಮೇಲೆ 25,000 ವೋಲ್ಟಿನ ತಂತಿ. ಹಳಿಗೆ ಆತುಕೊಂಡ ಅಂಗಳದಲ್ಲಿ ನಮ್ಮ ಸ್ಟೇಜು ಇತ್ತು. ಗೂಡ್ಸ್ ಗಾಡಿಯ ಎಂಜಿನ್ನು ಭಾರ ಎಳೆಯತೊಡಗಿದಾಗಲೆಲ್ಲ ಗುಂಯ್ ಏರುತ್ತಿತ್ತು, ಗಾಡಿ ದೂರವಾದಂತೆ ಇಳಿಯುತ್ತಿತ್ತು. ಲ್ಯಾಪ್‌ಟಾಪಿನಿಂದ ಸ್ಟೇಜಿನ ತನಕ ಹಳಿಗೆ ಸಮಾನಾಂತರವಾಗಿ ಎಳೆದಿದ್ದ ತೆಳ್ಳನೆಯ ಆರ್‌ಸಿಎ ವೈರು ಆ ತಂತಿಯ ಆಯಸ್ಕಾಂತ ಕ್ಷೇತ್ರವನ್ನು ಹಿಡಿದು ತರುತ್ತಿತ್ತು. ಅದನ್ನು ಕಿತ್ತು, ಲ್ಯಾಪ್‌ಟಾಪಿನ ಬುಡದಲ್ಲೇ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಡಬ್ಬಿ ಕೂರಿಸಿ, ಅಲ್ಲಿಂದ ಎಕ್ಸ್‌ಎಲ್‌ಆರ್ ಕೇಬಲನ್ನು ಹಳಿಗೆ ಅಡ್ಡಲಾಗಿ ತಿರುಗಿಸಿ ಒಯ್ದೆವು. ಎಕ್ಸ್‌ಎಲ್‌ಆರ್ ಕೇಬಲಿನಲ್ಲಿ ಒಂದೇ ದನಿ ಎರಡು ತಂತಿಗಳ ಮೇಲೆ ತಿರುಗುಮುರುಗಾಗಿ ಹೋಗುತ್ತದೆ. ಹೊರಗಿನ ಕಾಟ ಮಾತ್ರ ಎರಡರ ಮೇಲೂ ಒಂದೇ ತೆರನಾಗಿ ಬೀಳುತ್ತದೆ. ಆಚೆ ತುದಿಯಲ್ಲಿ ಒಂದನ್ನು ಇನ್ನೊಂದರಿಂದ ಕಳೆದಾಗ ಕಾಟ ಅಳಿದು ದನಿ ಉಳಿಯುತ್ತದೆ. ಮುಂದಿನ ಗೂಡ್ಸ್ ಗಾಡಿ ಬಂತು, ಹೋಯಿತು. ಸ್ಪೀಕರು ಮಿಸುಕಲಿಲ್ಲ.

ಚಿತ್ತಾಪುರದಲ್ಲಿ ಲ್ಯಾಪ್‌ಟಾಪಿನ ಚಾರ್ಜರೇ ಕಳ್ಳ. ಅದನ್ನೂ ಆಂಪ್ಲಿಫೈಯರನ್ನೂ ಒಂದೇ ಬೋರ್ಡಿಗೆ ತಂದ ಮೇಲೆ ಸುಮ್ಮನಾಯಿತು.

ಅವೆಲ್ಲ ಸದ್ದಿನ ಬೇಟೆ. ಸೇಡಂನದು ಹಾಗಿರಲಿಲ್ಲ.

ಕಾಕಾ ವೇದಿಕೆಯ ಬೋರ್ಡಿನೊಳಗೆ ಮೀಟರಿನ ಕಡ್ಡಿ ಇಟ್ಟರು. ಫೇಸಿಗೂ ನ್ಯೂಟ್ರಲ್‌ಗೂ 231. ಫೇಸಿಗೂ ಅರ್ಥಿಗೂ 231. ಸರಿ. ನ್ಯೂಟ್ರಲ್‌ಗೂ ಅರ್ಥಿಗೂ ಇಟ್ಟರು. ಸೊನ್ನೆ.

ನಾನು “ಚಲೋ ಅದಲ್ಲ ಕಾಕಾ” ಎಂದೆ. ಅವರ ಮುಖ ಗಂಟಿಕ್ಕಿತು. ಮೀಟರನ್ನು ಬಡಿದು ನೋಡಿದರು, ಮತ್ತೆ ಇಟ್ಟರು. ಮತ್ತೆ ಸೊನ್ನೆ.

“ಇಷ್ಟು ಕೂಲರ್ ನಡೀಲತಾವ, ಇಷ್ಟು ಲೈಟು ಉರೀಲತಾವ. ನ್ಯೂಟ್ರಲ್ ವೈರು ಅಷ್ಟುದ್ದ ಬಂದದ. ಒಂದೆರಡು ವೋಲ್ಟರೆ ತೋರಿಸಬೇಕು. ಅಪ್ಪಟ ಸೊನ್ನೆ ಹ್ಯಾಂಗ ಬರ್ತದ?”

ಸ್ವಿಚ್ಚು ಆರಿಸಿ, ಸಾಕೆಟ್ಟಿನ ತಿರುಪು ಬಿಚ್ಚಿದರು. ಟಾರ್ಚ್ ಹಿಡಿದೆ. ಮೂರನೇ ಪಿನ್ನಿಗೆ ಬರಬೇಕಾದ ಹಸಿರು ತಂತಿ ಅಲ್ಲಿರಲೇ ಇಲ್ಲ. ಅದರ ಬದಲು ಬೆರಳುದ್ದದ ಕಪ್ಪು ತುಂಡೊಂದು ನ್ಯೂಟ್ರಲ್ ತಿರುಪಿನಿಂದ ಅರ್ಥಿನ ತಿರುಪಿಗೆ ಬಾಗಿ ಕೂತಿತ್ತು. ಗುಂಡಿ ತೋಡಲು ಬಂಡೆ ಬಿಡಲಿಲ್ಲವೋ, ತೋಡುವ ಖರ್ಚು ಉಳಿಸಿದರೋ, ಯಾರೋ ಎಂದೋ ನ್ಯೂಟ್ರಲನ್ನೇ ಅರ್ಥಿಂಗ್ ಎಂದು ಕಟ್ಟಿ ಮುಚ್ಚಳ ಹಾಕಿ ಹೋಗಿದ್ದರು. ಟೆಸ್ಟರಿಗೆ ಎಲ್ಲ ಸರಿ ಕಾಣುತ್ತದೆ. ಮೀಟರಿಗೂ ಸರಿ ಕಾಣುತ್ತದೆ, ಸರಿಗಿಂತ ಹೆಚ್ಚು ಸರಿ. ಅದನ್ನು ಮುಚ್ಚಿಡಲಾಗದೆ ಹೊರಗೆ ಹೇಳುತ್ತಿದ್ದದ್ದು ಆ ಗುಂಯ್ ಒಂದೇ.

ಹೇಗೆಂದರೆ, ಮಿಕ್ಸರು ಇದ್ದದ್ದು ಹಾಲಿನ ಆಚೆ ತುದಿಯಲ್ಲಿ, ಬೇರೆ ಬೋರ್ಡಿನ ಮೇಲೆ. ಅಲ್ಲೂ ಇದೇ ತುಂಡು. ಎರಡು ಬೋರ್ಡುಗಳ ನ್ಯೂಟ್ರಲ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಯಾವುದರ ಮೇಲೆ ಹೊರೆ ಹೆಚ್ಚೋ ಅದು ಒಂದಿಷ್ಟು ವೋಲ್ಟು ಮೇಲೆದ್ದಿರುತ್ತದೆ. ಆ ಎರಡು ಹುಸಿ ಅರ್ಥುಗಳನ್ನು ಜೋಡಿಸಿದ್ದು ನಮ್ಮ ಆಡಿಯೋ ಕೇಬಲಿನ ಹೊರಹೆಣಿಗೆ. ಮಂಟಪದ ನ್ಯೂಟ್ರಲ್ ಕರೆಂಟಿನಲ್ಲಿ ಒಂದು ಪಾಲು ಈ ಕೂದಲಿನಂಥ ಹೆಣಿಗೆಯ ಮೂಲಕ ಹರಿಯುತ್ತಿತ್ತು. 50 ಹರ್ಟ್ಸಿನ ಗುಂಯ್ ಅದರದು. ಮೇಲಿನ ಜಿರ‍್ರ್ ಎಲ್‌ಇಡಿ ದೀಪಗಳದು. ಅಡ್ಡಗೋಡೆ ತುಂಬ ತೋರಣ ಕಟ್ಟಿದ ಆ ದೀಪಗಳು ಕರೆಂಟನ್ನು ನುಣ್ಣಗೆ ಕುಡಿಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತವೆ. ಮೂರು ಫೇಸುಗಳ ಹೊರೆ ಸರಿಸಮ ಇದ್ದರೆ ಮೂರರ ಕರೆಂಟೂ ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಕಳೆಯಬೇಕು. ಆದರೆ ಈ ಗುಟುಕಿನಿಂದ ಹುಟ್ಟುವ 150 ಹರ್ಟ್ಸಿನ ಪಾಲು ಕಳೆಯುವುದಿಲ್ಲ, ಮೂರೂ ಕಡೆಯಿಂದ ಬಂದು ನ್ಯೂಟ್ರಲ್‌ನಲ್ಲಿ ಕೂಡುತ್ತದೆ. ಅದರ ಮೇಲೆ ಬಿಸಿಲೂರಿನ ಕೂಲರುಗಳು. ಅವನ್ನು ಯಾವ ಬೋರ್ಡು ಹತ್ತಿರವೋ ಅದಕ್ಕೆ ಸಿಕ್ಕಿಸಿದ್ದರು.

ಕಾಕಾ ಮೀಟರಿನ ಒಂದು ಕಡ್ಡಿಯನ್ನು ಹುಸಿ ಅರ್ಥಿಗೂ ಇನ್ನೊಂದನ್ನು ಹಾಲಿನ ಕಬ್ಬಿಣದ ಕಂಬಕ್ಕೂ ಹಿಡಿದರು. ಕಂಬದ ಬುಡ ನೆಲದಲ್ಲಿದೆ, ಅದು ನಿಜವಾದ ಭೂಮಿಗೆ ಹತ್ತಿರ. 11 ವೋಲ್ಟ್. ಅಡುಗೆಮನೆಯಲ್ಲಿ ಗ್ರೈಂಡರ್ ಶುರುವಾಯಿತು. 16. ನಿಂತಿತು. 12. ಮತ್ತೆ ಶುರು. 19.

“ಅದೇ ಗ್ರೈಂಡರ್, ಅದೇ ಹೊರೆ. ಅಂಕಿ ಯಾಕ ಏರ್ಲತದ? ಎಲ್ಲೋ ನ್ಯೂಟ್ರಲ್ ಜೋಡಣೆ ಕಾಯ್ಲತದ. ತಮ್ಮಾ, ಅದು ಸುಟ್ಟು ಬಿಡಾಕ ನಿಂತದ!”

ಅಷ್ಟರಲ್ಲಿ ಬೀಗರು ಬಂದೇಬಿಟ್ಟರು. ಬಾಜಾ, ಪಟಾಕಿ, ಬಾಗಿಲಲ್ಲಿ ಆರತಿ, ಅವರ ಬೆನ್ನಿಗೇ ಮಳೆ. ಮೊದಲು ದಪ್ಪ ಹನಿ, ಆಮೇಲೆ ಒಂದೇ ಸಮ ಸುರಿ. ಅಂಗಳದಲ್ಲಿದ್ದ ಜನವೆಲ್ಲ ಒಳಗೆ ನುಗ್ಗಿತು. ಒದ್ದೆ ಕಾಲುಗಳಿಂದ ಹಾಸುಗಲ್ಲು ಪಿಚಿಪಿಚಿ. ಒಳಗೆ ಧಗೆ ಎಂದು, ನಿಂತಿದ್ದ ಕೂಲರುಗಳನ್ನೂ ಹಚ್ಚಿದರು, ವಿಡಿಯೋದವರ ದೀಪಗಳೂ ಹತ್ತಿದವು. ಬೇಸ್ ಡಬ್ಬಗಳ ಗುಂಯ್ ಗದ್ದಲದ ಮೇಲೂ ಕೇಳುವಷ್ಟು ದೊಡ್ಡದಾಯಿತು. ಯಜಮಾನರು ಓಡಿ ಬಂದು “ಪ್ರಾರ್ಥನಾ ಒಂದು ಆಗಿಬಿಡ್ಲಿ, ಆಮ್ಯಾಲ ನಿಮ್ಮ ರಿಪೇರಿ” ಎಂದರು. ಕಾಕಾ ಕೈ ಅಡ್ಡ ಹಿಡಿದು “ಐದು ಮಿನಿಟು ಯಾರೂ ಮೈಕ್ ಮುಟ್ಟಬ್ಯಾಡ್ರಿ” ಎಂದದ್ದು ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ನನ್ನತ್ತ ತಿರುಗಿದರು.

“ಮೇನ್ ಎಲ್ಲದ? ಓಡು. ನಾ ಕೈ ಎತ್ತಿದ ಕೂಡ್ಲೇ ಇಳಿಸು. ಯಾರನ್ನೂ ಕೇಳಬ್ಯಾಡ.”

ಓಡಿದೆ. ಜನ, ಜನ, ಜನ. ಸೀರೆಯ ಸೆರಗು, ತಾಟು, ಮಕ್ಕಳು. ಪಕ್ಕದ ಪಡಸಾಲೆಯ ಕೊನೆಗೆ ತಗಡಿನ ದೊಡ್ಡ ಪೆಟ್ಟಿಗೆ, ಅದರ ಬಲಕ್ಕೆ ಕಬ್ಬಿಣದ ಹಿಡಿಕೆ. ಹತ್ತಿರ ಹೋದರೆ ಮೂಗಿಗೆ ಸುಟ್ಟ ರಬ್ಬರಿನ ವಾಸನೆ ಬಡಿಯಿತು. ಪೆಟ್ಟಿಗೆಯ ಸಂದಿಯೊಳಗೆ ಚುಟುಚುಟು ಸದ್ದು, ನೀಲಿ ಕಿಡಿ. ಕಾಲಡಿ ಯಾರೋ ಬಿಟ್ಟುಹೋದ ಮರದ ಮಣೆಯಿತ್ತು. ಅದನ್ನು ಎಳೆದು ಮೇಲೆ ನಿಂತೆ, ಹೆಗಲ ಮೇಲಿನ ಒಣ ಟವೆಲನ್ನು ಕೈಗೆ ಸುತ್ತಿಕೊಂಡೆ. ಅಲ್ಲಿಂದ ವೇದಿಕೆ ಓರೆಯಾಗಿ ಕಾಣುತ್ತಿತ್ತು.

ಆಗ ಹಾಲಿನ ಎಡಸಾಲಿನ ದೀಪಗಳು ಒಮ್ಮೆಲೇ ಬೆಳ್ಳಗೆ ಭುಗ್ಗೆಂದವು. ಬಲಸಾಲಿನವು ಹಳದಿಗೆ ಕುಸಿದವು. ಎಡಬದಿಯ ಕೂಲರು ಕಿರುಚುತ್ತ ತಿರುಗಿತು, ಬಲಬದಿಯದು ನರಳುತ್ತ ನಿಂತಿತು. ನ್ಯೂಟ್ರಲ್ ಹರಿದಿತ್ತು!

ಹರಿದಾಗ ಏನಾಗುತ್ತದೆ? ಫೇಸಿಗೂ ನ್ಯೂಟ್ರಲ್‌ಗೂ 230 ವೋಲ್ಟ್, ಫೇಸಿಗೂ ಫೇಸಿಗೂ 400ರ ಹತ್ತಿರ. ನ್ಯೂಟ್ರಲ್ ಇರುವ ತನಕ ಪ್ರತಿ ಸಾಲಿಗೆ ಅದರದರ 230. ಅದು ಹೋದರೆ ಸಾಲುಗಳು ಒಂದರ ಹಿಂದೊಂದು ಕೂತು ಆ 400ನ್ನು ತಮ್ಮಲ್ಲೇ ಹಂಚಿಕೊಳ್ಳುತ್ತವೆ. ಹೊರೆ ಕಡಿಮೆ ಇರುವ ಸಾಲಿನ ಪಾಲಿಗೆ ಹೆಚ್ಚು ವೋಲ್ಟ್ ಬರುತ್ತದೆ. ನಮ್ಮ ಆಂಪ್ಲಿಫೈಯರುಗಳಿದ್ದ ಸಾಲು ಅದೇ. ಇನ್ನು ಅದಕ್ಕಿಂತ ಘೋರವಾದದ್ದು: ನೆಲೆ ತಪ್ಪಿದ ನ್ಯೂಟ್ರಲ್ ತಂತಿಗೆ ಈಗ ವೋಲ್ಟೇಜು ಏರಿದೆ, ಆ ತಂತಿಗೆ ಅರ್ಥಿನ ಪಿನ್ನು ಕಟ್ಟಿದೆ, ಪಿನ್ನಿಗೆ ರ‍್ಯಾಕಿನ ತಗಡು, ತಗಡಿಗೆ ಕೇಬಲಿನ ಹೆಣಿಗೆ, ಹೆಣಿಗೆಗೆ ಮೈಕಿನ ಜಾಳಿಗೆ. ವೇದಿಕೆಯ ನಟ್ಟನಡುವೆ ಕಬ್ಬಿಣದ ಸ್ಟ್ಯಾಂಡಿನ ಮೇಲಿದ್ದ ಮೈಕು ಕರೆಂಟು ಹೊತ್ತು ನಿಂತಿತ್ತು.

ಮೈಕಿನ ಮುಂದೆ ಪ್ರಾರ್ಥನೆ ಹಾಡಲು ಬಂದ ಹುಡುಗಿ. ಎಂಟೋ ಒಂಬತ್ತೋ ವಯಸ್ಸು, ಜರಿಯ ಲಂಗ, ಬರಿಗಾಲು, ಮಳೆಯಲ್ಲಿ ತೋಯ್ದು ಬಂದ ಬರಿಗಾಲು. ಸ್ಟ್ಯಾಂಡು ಅವಳಿಗೆ ಎತ್ತರವಾಗಿತ್ತು. ಬಗ್ಗಿಸಿಕೊಳ್ಳಲು ಕೈ ಚಾಚಿದಳು.

ಕಾಕಾ ಕೈ ಎತ್ತಿದ್ದು ನನಗೆ ಕಂಡಿತೋ ಇಲ್ಲವೋ ನೆನಪಿಲ್ಲ. ಹಿಡಿಕೆಯ ಮೇಲೆ ಮೈಯ ಭಾರವೆಲ್ಲ ಹಾಕಿ ಜಗ್ಗಿದೆ. ಜಂಗು ಹಿಡಿದ ಹಿಡಿಕೆ ಅರ್ಧಕ್ಕೆ ಬಂದು ಸಿಕ್ಕಿತು. ಮತ್ತೊಮ್ಮೆ ಜಗ್ಗಿದೆ. ಧಡ್!

ಕತ್ತಲೆ. ಕೂಲರುಗಳ ರೆಕ್ಕೆ ತಿರುಗುತ್ತ ತಿರುಗುತ್ತ ನಿಲ್ಲುವ ಸದ್ದು. ನೂರಾರು ಜನರ ಗಲಾಟೆ. ಅದನ್ನೆಲ್ಲ ಸೀಳಿಕೊಂಡು ವೇದಿಕೆಯ ಮೇಲಿಂದ ಹುಡುಗಿಯ ಅಳು. ನನ್ನ ಕಾಲು ಕುಸಿದವು. ಅತ್ತಳು ಎಂದರೆ ಉಸಿರಾಡುತ್ತಿದ್ದಾಳೆ. ಮೊಬೈಲಿನ ಬೆಳಕುಗಳು ಒಂದೊಂದಾಗಿ ಹತ್ತಿದಾಗ ಕಂಡದ್ದು: ಕಾಕಾ ಮೈಕಿನ ಸ್ಟ್ಯಾಂಡನ್ನು ಪ್ಲಾಸ್ಟಿಕ್ ಕುರ್ಚಿಯಿಂದ ಒತ್ತಿ ಕೆಳಗೆ ಕೆಡವಿದ್ದರು. ಹುಡುಗಿ ಆ ಸದ್ದಿಗೆ ಬೆಚ್ಚಿ ಅಳುತ್ತ ತಾಯಿಯ ಸೊಂಟಕ್ಕೆ ಅಂಟಿಕೊಂಡಿದ್ದಳು. ಅವಳ ಬೆರಳು ಮೈಕಿಗೆ ತಾಗಿರಲಿಲ್ಲ.

ತಾಗಿದ್ದರೆ? 1972ರ ಮೇ 3ರಂದು ವೇಲ್ಸಿನ ಸ್ವಾನ್ಸಿಯಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ, ಗಿಟಾರ್ ಹಿಡಿದ ಕೈಯಲ್ಲೇ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಸತ್ತ. ಅವನಿಗೆ 27 ವರ್ಷ. ಸೌಂಡಿನ ಕೆಲಸ ಕಲಿಯುವವರು ಇಂದಿಗೂ ಆ ಹೆಸರು ಕೇಳಿಯೇ ಮುಂದೆ ಹೋಗುತ್ತಾರೆ. ಸೇಡಂನ ಆ ಹುಡುಗಿಯ ಕೈಗೂ ಜಾಳಿಗೆಗೂ ನಡುವೆ ಇದ್ದದ್ದು ಗೇಣಿನ ಅಂತರ.

ಎಲ್ಲರೂ ಕೇಳುವ ಪ್ರಶ್ನೆಯೊಂದಿದೆ: ಕರೆಂಟು ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಇರಲಿಲ್ಲವೇ? ನಮ್ಮ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನದು ಇತ್ತು. ಆದರೆ ಅದು ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಮರಳಿತೇ ಎಂದಷ್ಟೇ ಕಾಯುತ್ತದೆ. ಸಾವು ಬಂದದ್ದು ಅದು ಕಾಯದ ಮೂರನೇ ತಂತಿಯ ಮೂಲಕ, ಅದರ ಹಿಂದಿನ ಸಾಕೆಟ್ಟಿನಿಂದ. ಆರ್‌ಸಿಸಿಬಿ ತೆರೆದುಕೊಳ್ಳುತ್ತಲೇ ಇರಲಿಲ್ಲ. ಕಾವಲಿಗಿಟ್ಟ ಉಪಕರಣ ಇದೆ ಎಂದು ನಂಬಿ ಕಾವಲನ್ನು ಮರೆಯುವವರು ಇದನ್ನು ಅರಿಯಬೇಕು ಎಂಬ ಕಳಕಳಿಯಿಂದಲೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮಂಟಪದ ಎಲೆಕ್ಟ್ರಿಷಿಯನ್ ಬಂದ. ಹೊರಗಿನಿಂದ ಬರುವ ಸರಬರಾಜನ್ನೂ ಫ್ಯೂಸ್ ಕಿತ್ತು ಕಡಿದು, ಪೆಟ್ಟಿಗೆ ತೆಗೆದರು. ಅಲ್ಯೂಮಿನಿಯಂ ಕೇಬಲು ತಾಮ್ರದ ಪಟ್ಟಿಗೆ ಕೂಡುವ ನ್ಯೂಟ್ರಲ್ ಬೋಲ್ಟು ಕರಕಲಾಗಿತ್ತು. ಸುತ್ತ ಬಿಳಿ ಬೂದಿ. ಎರಡು ಲೋಹ ನೇರವಾಗಿ ಕೂಡಿದ ಕಡೆ ತೇವಕ್ಕೆ ಸವೆದು, ಸವೆದದ್ದಕ್ಕೆ ಕಾದು, ಕಾದದ್ದಕ್ಕೆ ಸಡಿಲಾಗಿ, ಸಡಿಲಾದದ್ದಕ್ಕೆ ಇನ್ನಷ್ಟು ಕಾದು, ಕೊನೆಗೆ ಅಂದು ಬಿಟ್ಟಿತ್ತು. ನಮ್ಮ ಒಂದು ಆಂಪ್ಲಿಫೈಯರಿನ ಬೆನ್ನಿನಿಂದ ಕಮಟು ಹೊಗೆ ಬರುತ್ತಿತ್ತು. 230 ವೋಲ್ಟ್ ಒಳಗೆ ಡಿಸಿ ಆದಾಗ 325ರ ಹತ್ತಿರ ಇರುತ್ತದೆ, ಅದರ ಕೆಪಾಸಿಟರಿನ ತಾಳಿಕೆ 400. ಹೊರಗೆ 300 ದಾಟಿದರೆ ಒಳಗೆ 420ಕ್ಕೂ ಮೇಲೆ. ತಲೆ ಬಿರಿದು ನಿಂತಿತ್ತು ಅದು.

ಮದುವೆಮನೆ ಕತ್ತಲಲ್ಲಿ ಕೂತಿದೆ. ಬೋಲ್ಟಿನ ಕೆಲಸ ಬೆಳಗಾಗದೆ ಆಗುವುದಿಲ್ಲ. ಅಂಗಳದ ಮೂಲೆಯಲ್ಲಿ ಡೀಸೆಲ್ ಜನರೇಟರಿದೆ, ಅದರ ಅರ್ಥಿಂಗ್ ತಂತಿ ಒಣಗಿದ ಗುಂಡಿಯ ತನಕ ಹೋಗಿ ಅಲ್ಲೇ ತುಂಡಾಗಿದೆ. ಗೂಟ ಹೊಡೆಯೋಣವೆಂದರೆ ಅಡಿಗೆ ಬಂಡೆ. ಮಳೆ ಸುರಿಯುತ್ತಲೇ ಇದೆ. ಯಜಮಾನರ ಗಂಟಲು ಕಟ್ಟಿದೆ. ಕಾಕಾ ಟಾರ್ಚ್ ಹಿಡಿದು ಅಂಗಳವೆಲ್ಲ ಸುತ್ತಿದರು. ಗೋಡೆ, ನೀರಿನ ಹೌದು, ಹಿತ್ತಲು. ಹಿತ್ತಲಲ್ಲಿ ನಿಂತರು.

“ಸಿಕ್ತು! ಬೋರ್‌ವೆಲ್ ಕೇಸಿಂಗ್ ಕಬ್ಬಿಣದ್ದದ!”

ಈಗಿನ ಬೋರುಗಳಿಗೆ ಹೆಚ್ಚಾಗಿ ಪಿವಿಸಿ ಪೈಪು, ಇದು ಹಳೆಯದು. ಬಂಡೆಯ ತನಕ ಇಳಿದ ಉಕ್ಕಿನ ಕೊಳವೆ, ಸುತ್ತ ವರ್ಷಗಟ್ಟಲೆ ನೀರು ಜಿನುಗಿದ ಹಸಿ ಮಣ್ಣು. ನಾನು ಅಂಗಿ ತೋಯಿಸಿಕೊಂಡು ಮರಳು ಕಾಗದದಿಂದ ಕೇಸಿಂಗಿನ ಕತ್ತನ್ನು ಉಜ್ಜಿದೆ, ತುಕ್ಕು ಹೋಗಿ ಬೆಳ್ಳಿಯ ಬಣ್ಣ ಕಾಣುವ ತನಕ. ಅದಕ್ಕೆ ಪಟ್ಟಿ ಕಟ್ಟಿ, ಬೋಲ್ಟು ಬಿಗಿದು, ತಾಮ್ರದ ತಂತಿ. ಬೋರಿನ ಮೋಟಾರಿನ ವೈರು ಮೊದಲೇ ಬಿಡಿಸಿದ್ದೆವು. ಬೋರಿನ ಸುತ್ತ ಹಗ್ಗ ಕಟ್ಟಿ ಒಬ್ಬ ಹುಡುಗನನ್ನು ಕಾವಲು ನಿಲ್ಲಿಸಿ, ಹೊರಗಿನ ಸರಬರಾಜಿನ ಒಂದು ಫೇಸಿನಿಂದ ಎಲೆಕ್ಟ್ರಿಷಿಯನ್ ಬಲ್ಬಿಗೆ ಕರೆಂಟು ಕೊಟ್ಟ. ಬಲ್ಬು ಫಳ್ಳೆಂದು ಬೆಳಗಿತು. ಕಾಕಾ ಅದರ ತುದಿಗಳಿಗೆ ಮೀಟರ್ ಹಿಡಿದರು. 228 ಬರಬೇಕಾದಲ್ಲಿ 222. ಭೂಮಿಯಲ್ಲಿ ಕಳೆದದ್ದು ಆರೇ ವೋಲ್ಟು! ಲೆಕ್ಕ ಹಾಕಿದರೆ ಹದಿನೈದು ಓಮಿನ ಒಳಗೆ. ಆ ಬಂಡೆಯ ನೆಲದಲ್ಲಿ, ಆ ಹೊತ್ತಿನಲ್ಲಿ, ಅದಕ್ಕಿಂತ ಒಳ್ಳೆಯ ಅಂಕಿ ನಾನು ಕೇಳುತ್ತಿರಲಿಲ್ಲ.

ಮುಂದಿನದು ಸರಸರ. ಜನರೇಟರಿನ ನ್ಯೂಟ್ರಲನ್ನು ಅದರ ಮೈಗೂ ಕೇಸಿಂಗಿನ ತಂತಿಗೂ ಒಂದೇ ಕಡೆ, ಅಲ್ಲಿ ಮಾತ್ರ ಕೂಡಿಸಿದರು. ಅಲ್ಲಿಂದ ಆಚೆ ಎರಡೂ ಬೇರೆ ಬೇರೆ ತಂತಿ, ಎಲ್ಲೂ ಮುಟ್ಟಕೂಡದು. ಮಂಟಪದ ವೈರಿಂಗನ್ನು ಬಿಟ್ಟು ನಮ್ಮದೇ ಕೇಬಲು ಎಳೆದೆವು. ಅದರ ಮೊದಲಿಗೆ ಆರ್‌ಸಿಸಿಬಿ, ಅದರ ಟೆಸ್ಟ್ ಗುಂಡಿ ಒತ್ತಿದಾಗ ಟಪ್ಪೆಂದು ಬಿತ್ತು. ಮಿಕ್ಸರು, ಲ್ಯಾಪ್‌ಟಾಪು, ಉಳಿದ ಆಂಪ್ಲಿಫೈಯರುಗಳು ಎಲ್ಲ ಒಂದೇ ಬೋರ್ಡಿಗೆ. ದೀಪದ ಸಾಲು ಬೇರೆ ಫೇಸಿಗೆ, ದೂರದಿಂದ. ಜನರೇಟರ್ ಗುಡುಗಿತು. ಕಾಕಾ ಮೈಕಿನ ಜಾಳಿಗೆಗೂ ಕಂಬಕ್ಕೂ ಮೀಟರ್ ಹಿಡಿದರು. ಅರ್ಧ ವೋಲ್ಟೂ ಇಲ್ಲ. ಫೇಡರ್ ಏರಿಸಿದೆವು. ಸದ್ದಿಲ್ಲ. ಪೂರ್ತಿ ಏರಿಸಿದೆವು. ಟಾಪ್ ಡಬ್ಬಗಳಿಂದ ತೆಳ್ಳನೆಯ ಉಸಿರು, ಅಷ್ಟೇ.

ಆ ಹುಡುಗಿಯನ್ನು ಮತ್ತೆ ಮೈಕಿನ ಮುಂದೆ ಕರೆಯಲು ಅವಳ ತಾಯಿ ಒಪ್ಪಲಿಲ್ಲ. ಕಾಕಾ ತಾವೇ ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ಆಮೇಲೆ ಅವಳು ಬಂದಳು, ಹಾಡಿದಳು.

ಮರುದಿನ ಚಿಂಚೋಳಿ. ನಿದ್ದೆಯಿಲ್ಲದ ಕಣ್ಣು, ಸುಟ್ಟ ಆಂಪ್ಲಿಫೈಯರು ಗಾಡಿಯ ಮೂಲೆಯಲ್ಲಿ. ಅತ್ತ ರೈಲಿಲ್ಲ, ಹೋಗುವುದೆಲ್ಲ ರಸ್ತೆಯಲ್ಲೇ. ಸುಲೇಪೇಟ ಹಾದು ಮೇಲೇರಿದಂತೆ ಕರಿಮಣ್ಣು ಹಿಂದೆ ಸರಿದು ಕೆಂಪು ನೆಲ ಬರುತ್ತದೆ. ರಾತ್ರಿಯ ಗಾಳಿಗೆ ಮರಗಳು ಬಾಗಿದ್ದವು, ಕಂಬಗಳೂ ಬಾಗಿದ್ದವು. ಒಂದು ತಿರುವಿನಲ್ಲಿ ಡ್ರೈವರ್ ಬ್ರೇಕ್ ಒತ್ತಿದ. ರಸ್ತೆಗೆ ಅಡ್ಡ ಹಾದ 11 ಕೆವಿ ತಂತಿ ಜೋತುಬಿದ್ದು ನಮ್ಮ ಗಾಡಿಯ ಮೇಲಿನ, ಲೈಟು ತೂಗಿಸುವ ಟ್ರಸ್ಸಿಗೆ ಹೆಚ್ಚೆಂದರೆ ಮೊಳದಷ್ಟು ದೂರದಲ್ಲಿ ತೂಗುತ್ತಿತ್ತು. ಹಿಂದಿನ ಗಾಡಿಯವನು ಹಾರ್ನ್ ಮೇಲೆ ಹಾರ್ನ್. ಮೇಲೆ ಕೂತಿದ್ದ ಹುಡುಗನೊಬ್ಬ ಬಿದಿರಿನ ಕೋಲಿನಿಂದ ತಂತಿ ಎತ್ತುತ್ತೇನೆ, ಗಾಡಿ ದಾಟಿಸಿ ಎಂದ.

“ಇಳಿ ಕೆಳಗ!” ಕಾಕಾ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಮಳೆಗೆ ನೆಂದ ಬಿದಿರು ತಂತಿಯೇ. 2022ರ ಏಪ್ರಿಲ್ 27ರ ನಸುಕಿನಲ್ಲಿ ತಂಜಾವೂರಿನ ಹತ್ತಿರದ ಕಳಿಮೇಡಿನಲ್ಲಿ ತೇರಿನ ತುದಿ ಹೈಟೆನ್ಷನ್ ತಂತಿಗೆ ತಾಗಿ 11 ಜನ ಹೋದರು. 2024ರ ಜನವರಿಯಲ್ಲಿ ನಮ್ಮದೇ ರಾಜ್ಯದ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಅವರ ಹುಟ್ಟುಹಬ್ಬದ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಯುವಕರು ಹೀಗೆಯೇ ಹೋದರು. ಅದೇ ವರ್ಷದ ಆಗಸ್ಟಿನಲ್ಲಿ ಬಿಹಾರದ ಹಾಜೀಪುರದ ಬಳಿ ಕಾವಡಿ ಯಾತ್ರೆಯವರ ಡಿಜೆ ಗಾಡಿಯೇ 11 ಕೆವಿ ತಂತಿಗೆ ತಾಗಿತು. ಹುಡುಗರ ಸಾವಿನ ಆ ಸುದ್ದಿ ಈ ಕಸುಬಿನ ಪ್ರತಿಯೊಬ್ಬನ ಫೋನಿಗೂ ಬಂದಿತ್ತು. ಅದನ್ನು ನೋಡಿದ ಕಣ್ಣುಗಳೇ ಈಗ ಕೋಲು ಹುಡುಕುತ್ತಿದ್ದವು ಎಂಬುದು ನನ್ನನ್ನು ನಡುಗಿಸಿತು.

ಎಲ್ಲರನ್ನೂ ಕ್ಯಾಬಿನ್ನಿನೊಳಗೆ ಕೂರಿಸಿ, ಡ್ರೈವರ್ ಇಂಚು ಇಂಚಾಗಿ ರಿವರ್ಸ್ ತೆಗೆದ. ಕಂಬದ ನಂಬರ್ ಹೇಳಿ ವಿದ್ಯುತ್ ದೂರಿನ 1912ಕ್ಕೆ ಫೋನ್ ಮಾಡಿದೆವು. ಲೈನ್‌ಮನ್ ಬಂದು, ಸಬ್‌ಸ್ಟೇಷನ್ನಿಗೆ ಹೇಳಿ ಲೈನ್ ಬಂದ್ ಮಾಡಿಸಿ, ತಂತಿ ಬಿಗಿದು ಕಟ್ಟುವ ತನಕ ಬಿಸಿಲು ನೆತ್ತಿಗೆ ಬಂದಿತ್ತು. ಅಷ್ಟರಲ್ಲಿ ನಾವು ಟ್ರಸ್ಸನ್ನೇ ಕಳಚಿ ಗಾಡಿಯೊಳಗೆ ಮಲಗಿಸಿದ್ದೆವು. ಹಾರ್ನ್ ಹೊಡೆದ ಗಾಡಿಯವನು ಕೊನೆಗೆ ಇಳಿದು ಬಂದು ಬೋಲ್ಟು ಬಿಚ್ಚಲು ಕೈ ಕೊಟ್ಟ.

ಚಿಂಚೋಳಿ ಮುಟ್ಟಿದಾಗ ಸಂಜೆ. ಮುಲ್ಲಾಮಾರಿ ಹೊಳೆಯ ಕಡೆಯಿಂದ ಮತ್ತೆ ಮೋಡ ಏಳುತ್ತಿತ್ತು. ಕರೆಂಟು 170ಕ್ಕೆ ಇಳಿದಿತ್ತು, ಇಲ್ಲೂ ಜನರೇಟರೇ ಗತಿ. ಎಲ್‌ಇಡಿ ಪರದೆ ಹತ್ತಿದೊಡನೆ ಕಾರ್ಡ್‌ಲೆಸ್ ಮೈಕು ಕಡಿದು ಕಡಿದು ಬರತೊಡಗಿತು. ಅದರ ರಿಸೀವರನ್ನು ಪರದೆಯ ಹಿಂದಿನಿಂದ ಕಿತ್ತು ವೇದಿಕೆಯ ಮುಂದಿನ ಮೂಲೆಗೆ, ಆಂಟೆನಾ ಹಾಡುವವನಿಗೆ ನೇರ ಕಾಣುವಂತೆ ಇಟ್ಟೆವು, ಸರಿಹೋಯಿತು. ಕಾಕಾ ಎಂದಿನಂತೆ ಬೋರ್ಡಿಗೆ ಮೀಟರ್ ಹಿಡಿದರು. ಫೇಸಿಗೂ ನ್ಯೂಟ್ರಲ್‌ಗೂ 229. ನ್ಯೂಟ್ರಲ್‌ಗೂ ಅರ್ಥಿಗೂ ಸೊನ್ನೆ.

ಯಾರೂ ಮಾತಾಡಲಿಲ್ಲ. ಹಿಂದಿನ ರಾತ್ರಿ ಇಕ್ಕಳ ಹಿಡಿದು ಕೂಗಿದ್ದ ಹುಡುಗ ಮುಂದೆ ಬಂದ. ಮೊದಲು ಸ್ವಿಚ್ಚು ಆರಿಸಿದ, ಮೀಟರ್ ಹಿಡಿದು ಕರೆಂಟಿಲ್ಲ ಎಂದು ಖಾತ್ರಿ ಮಾಡಿಕೊಂಡ, ಸಾಕೆಟ್ಟಿನ ತಿರುಪು ಬಿಚ್ಚಿದ. ಒಳಗೆ ಅದೇ ಬೆರಳುದ್ದದ ಕಪ್ಪು ತುಂಡು. ಇಕ್ಕಳದಿಂದ ಕತ್ತರಿಸಿ ಅಂಗೈ ಮೇಲಿಟ್ಟು ಎಲ್ಲರಿಗೂ ತೋರಿಸಿದ. ಮಂಟಪದ ಎಲೆಕ್ಟ್ರಿಷಿಯನ್ ಬಾಗಿ ನೋಡಿ, “ಉಳಿದ ಬೋರ್ಡ್‌ನಾಗೂ ಹಿಂಗೇ ಇರ್ತದರಿ” ಎಂದ.

“ಹಂಗಾದ್ರ ಎಲ್ಲಾ ಬಿಚ್ಚಮಿ,” ಎಂದರು ಕಾಕಾ. “ಟೈಮ್ ಎಷ್ಟಾತು?”

ಏಳೂವರೆ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್ ಆಗಬೇಕು. ಗೋಡೆಯ ಸುತ್ತ ಇದ್ದ ಸಾಕೆಟ್ಟುಗಳನ್ನು ಹಂಚಿಕೊಂಡು, ನಾಲ್ಕು ಜನ ನಾಲ್ಕು ದಿಕ್ಕಿಗೆ ತಿರುಪುಳಿ ಹಿಡಿದು ಓಡಿದೆವು.